ನೆಲಕ್ಕೊಬ್ಬ ಯಜಮಾನ, ನೀರಿಗೊಬ್ಬ ಯಜಮಾನ

ಠಾಣೆ, ಕಲ್ಯಾಣ-ಡೊಂಬಿವಲಿ ಹಾಗೂ ನವಿಮುಂಬಯಿ ಮಹಾನಗರಪಾಲಿಕೆಗಳಿಗೆ ೨೦೨೬ರ ಜನವರಿ ೧೫ರಂದು ಚುನಾವಣೆ ನಡೆದು, ಬಹುಕಾಲದ ತರುವಾಯ ಈ ನಗರಗಳಿಗೆ ಜನಪ್ರತಿನಿಧಿಗಳು ದೊರೆತಿದ್ದಾರೆ. ನವಿಮುಂಬಯಿ ಮತ್ತು ಕಲ್ಯಾಣ-ಡೊಂಬಿವಲಿಗಳ ಹಿಂದಿನ ಸಭೆಗಳ ಅವಧಿ ೨೦೨೦ರಲ್ಲಿಯೇ ಮುಗಿದಿತ್ತು, ಠಾಣೆಯದು ೨೦೨೨ರಲ್ಲಿ. ಅಂದಿನಿಂದ ಸರಕಾರವು ನೇಮಿಸಿದ ಆಡಳಿತಾಧಿಕಾರಿಗಳೇ ಆಯವ್ಯಯವನ್ನು ಬರೆದು ತಾವೇ ಮಂಜೂರು ಮಾಡಿಕೊಳ್ಳುತ್ತಿದ್ದರು. ತೆರಿಗೆಯೇನೂ ನಿಲ್ಲಲಿಲ್ಲ. ಪ್ರಶ್ನೆ ಕೇಳುವವರು ಮಾತ್ರ ಸಭೆಯಲ್ಲಿರಲಿಲ್ಲ. ಈಗ ಸಭೆ ಇದೆ, ಸದಸ್ಯರಿದ್ದಾರೆ. ಆದರೆ ಚುನಾವಣೆಯ ಗದ್ದಲದಲ್ಲಿ ರಸ್ತೆಯ ಹೊಂಡಗಳ ಬಗೆಗೂ ಪಕ್ಷಾಂತರಗಳ ಬಗೆಗೂ ಕೇಳಿಬಂದಷ್ಟು ಮಾತು ಈ ಪ್ರದೇಶದ ನೆಲ, ನೀರು ಮತ್ತು ಗಾಳಿಗಳಿಗೆ ಹೊಣೆಗಾರರು ಯಾರು ಎಂಬ ಪ್ರಶ್ನೆಯ ಬಗೆಗೆ ಕೇಳಿಬರಲಿಲ್ಲ. ಈ ಪ್ರಶ್ನೆ ತಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ವಾಚಕರು ಭಾವಿಸಬಾರದು. ಹೋಟೆಲಿನಲ್ಲಿ ಹದಿನೈದು ವರ್ಷ ದುಡಿದು, ಊರಿನ ಅರ್ಧ ಎಕರೆಯನ್ನು ಮಾರಿ, ಡೊಂಬಿವಲಿಯ ಹೊರಭಾಗದಲ್ಲಿ ಒಂದು ಖೋಲಿ-ಅಡಿಗೆಮನೆಯ ಫ್ಲ್ಯಾಟು ಕೊಂಡವನಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿಲ್ಲ.

ಪಾಲಿಕೆಯೆಂದರೆ ಊರಿನ ಯಜಮಾನ, ಎಲ್ಲವೂ ಅದರ ಅಧೀನ ಎಂಬುದು ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ವಸ್ತುಸ್ಥಿತಿ ಹಾಗಿಲ್ಲ. ೧೯೭೦ರಲ್ಲಿ ಹುಟ್ಟಿದ ಸಿಡ್ಕೊ ನವಿಮುಂಬಯಿಯ ನೆಲದ ಒಡೆಯ. ೧೯೭೫ರಲ್ಲಿ ಹುಟ್ಟಿದ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಡೀ ಪ್ರದೇಶದ ಯೋಜಕ. ೨೦೧೯ರಲ್ಲಿ ಇದರ ವ್ಯಾಪ್ತಿಯನ್ನು ಆರು ಸಾವಿರ ಚದರ ಕಿಲೋಮೀಟರಿಗೂ ಮೀರಿ ಹಿಗ್ಗಿಸಲಾಯಿತು. ಕಾರ್ಖಾನೆಗಳ ನೆಲ ಎಂ.ಐ.ಡಿ.ಸಿ. ಎಂಬ ಕೈಗಾರಿಕಾ ನಿಗಮದ್ದು. ಹೊಗೆ ಮತ್ತು ಹೊಲಸು ನೀರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧೀನ. ಕಾಡು ಅರಣ್ಯ ಇಲಾಖೆಗೆ, ಸರಕಾರಿ ಜಾಗ ಜಿಲ್ಲಾಧಿಕಾರಿಗೆ. ಇಷ್ಟು ಮಂದಿಗೆ ಹಂಚಿದ ಮೇಲೆ ಉಳಿದದ್ದು ಪಾಲಿಕೆಗೆ.

ನೀರಿನಿಂದಲೇ ಆರಂಭಿಸೋಣ. ಹೋಟೆಲು ನಡೆಸಿದವರಿಗೆ ಇದು ತಿಳಿದ ಮಾತು: ಅಕ್ಕಿ ನೆನೆಹಾಕುವುದಕ್ಕೆ ಮುಂಚೆ ಮಾಲೀಕನು ನೋಡುವುದು ಟಾಕಿಯನ್ನು. ನಳ್ಳಿಯಲ್ಲಿ ನೀರಿಲ್ಲದ ದಿನ ಟ್ಯಾಂಕರಿನವನು ಹೇಳಿದ್ದೇ ದರ. ಅದು ಎಲ್ಲಿಯ ನೀರೆಂದು ಅವನನ್ನು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಕಲ್ಯಾಣ-ಡೊಂಬಿವಲಿಗಳಿಗೆ ನೀರು ಮುಖ್ಯವಾಗಿ ಉಲ್ಲಾಸ ನದಿಯಿಂದ ಬರುತ್ತದೆ. ಬೇಸಗೆಯಲ್ಲಿಯೂ ಈ ನದಿ ಹರಿಯುತ್ತಿರುವುದಕ್ಕೆ ಒಂದು ಕಾರಣವಿದೆ. ಘಟ್ಟದ ಮೇಲಿನ ಆಂಧ್ರಾ ಅಣೆಕಟ್ಟಿನ ನೀರನ್ನು ಟಾಟಾ ಕಂಪೆನಿ ಭಿವಪುರಿಯ ವಿದ್ಯುದಾಗಾರಕ್ಕೆ ಇಳಿಸಿ, ವಿದ್ಯುತ್ತು ತೆಗೆದ ಮೇಲೆ ನದಿಗೆ ಬಿಡುತ್ತದೆ. ಇನ್ನೊಂದು ಆಧಾರ ಬದಲಾಪುರದ ಹತ್ತಿರದ ಬಾರವಿ ಅಣೆಕಟ್ಟು. ಅದು ಎಂ.ಐ.ಡಿ.ಸಿ.ಯ ಸ್ವತ್ತು, ಕಾರ್ಖಾನೆಗಳಿಗಾಗಿ ಕಟ್ಟಿದ್ದು, ಇಂದು ಹಲವು ನಗರಗಳ ಕುಡಿಯುವ ನೀರಿನ ಆಸರೆ. ಠಾಣೆಯ ಪಾಲಿಕೆಗೆ ಇಂದಿಗೂ ತನ್ನದೆಂಬ ಒಂದು ಅಣೆಕಟ್ಟಿಲ್ಲ. ಭಾತ್ಸಾದ ನೀರನ್ನು ತಾನೇ ಎತ್ತಿಕೊಳ್ಳುವುದು ಒಂದು ಪಾಲು, ಉಳಿದುದನ್ನು ಎಂ.ಐ.ಡಿ.ಸಿ.ಯಿಂದ, ಸ್ಟೆಮ್ ಎಂಬ ಜಲಸಂಸ್ಥೆಯಿಂದ, ಮುಂಬಯಿ ಪಾಲಿಕೆಯಿಂದ ಪಡೆಯಬೇಕು. ನವಿಮುಂಬಯಿಯ ಪಾಲಿಕೆ ಮಾತ್ರ ದೂರದೃಷ್ಟಿ ತೋರಿ ೨೦೦೨ರಲ್ಲಿ ಖಾಲಾಪುರದ ಕಡೆಯ ಮೋರ್ಬೆ ಅಣೆಕಟ್ಟನ್ನೇ ಕೊಂಡುಕೊಂಡಿತು. ಬೇಸಗೆಯಲ್ಲಿ ಈ ಮೂರು ನಗರಗಳ ನಳ್ಳಿಗಳಿಗೆ ಇರುವ ಅಂತರ ಬಹುಮಟ್ಟಿಗೆ ಈ ಒಂದು ವ್ಯಾಪಾರದ ಅಂತರ.

ಮುರಬಾಡದ ಕಡೆ ಕಾಳು ನದಿಗೆ ಹೊಸ ಅಣೆಕಟ್ಟು ಕಟ್ಟುವ ಯತ್ನವೂ ನಡೆಯಿತು. ಅರಣ್ಯದ ಅನುಮತಿ ದೊರೆಯುವ ಮೊದಲೇ ಕೆಲಸ ಹೂಡಿದ್ದರಿಂದ ೨೦೧೨ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಡೆಯಿತು. ನಗರದ ಬಾಯಾರಿಕೆಗೆ ಆದಿವಾಸಿಗಳ ಹಳ್ಳಿ ಮುಳುಗಬೇಕೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಿದವರು ಆದಿವಾಸಿಗಳೇ ಹೊರತು ಯಾವ ಯೋಜನಾ ಸಂಸ್ಥೆಯೂ ಅಲ್ಲ.

ಇನ್ನು ಆ ಇಪ್ಪತ್ತೇಳು ಗ್ರಾಮಗಳ ಕಥೆ. ಡೊಂಬಿವಲಿಯ ಪೂರ್ವಕ್ಕೂ ಶೀಳ್ ರಸ್ತೆಯ ಆಸುಪಾಸಿಗೂ ಹಬ್ಬಿರುವ ಈ ಗ್ರಾಮಗಳಲ್ಲಿ ನಮ್ಮವರ ಸಂಖ್ಯೆ ಕಡಿಮೆಯೇನಲ್ಲ. ಪೇಟೆಯಲ್ಲಿ ಬಾಡಿಗೆ ತೆರಲಾರದವರು ಸರಿದಿರುವುದು ಅತ್ತ ಕಡೆಗೇ. ೧೯೮೩ರಲ್ಲಿ ಪಾಲಿಕೆ ಸ್ಥಾಪನೆಯಾದಾಗ ಈ ಗ್ರಾಮಗಳು ಅದರ ಒಳಗಿದ್ದವು. ೨೦೦೨ರಲ್ಲಿ ಹೊರಹೋದವು. ೨೦೦೬ರಲ್ಲಿ ಇಲ್ಲಿನ ಯೋಜನಾಧಿಕಾರ ಮಹಾನಗರ ಪ್ರದೇಶ ಪ್ರಾಧಿಕಾರಕ್ಕೆ ಹೋಯಿತು. ೨೦೧೫ರ ಜೂನಿನಲ್ಲಿ ಗ್ರಾಮಗಳು ಮರಳಿ ಪಾಲಿಕೆಗೆ ಸೇರಿದವು. ೨೦೨೦ರ ಮಾರ್ಚಿನಲ್ಲಿ ಹದಿನೆಂಟನ್ನು ಬೇರ್ಪಡಿಸಿ ಪ್ರತ್ಯೇಕ ನಗರ ಪರಿಷತ್ತು ಮಾಡುವುದೆಂದು ಸರಕಾರ ಹೊರಡಿಸಿದ ಆಜ್ಞೆಯನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಗ್ರಾಮಸ್ಥರ ಅಹವಾಲಿನಲ್ಲಿ ನ್ಯಾಯವಿಲ್ಲದೆ ಇಲ್ಲ: ತೆರಿಗೆ ನಗರದ್ದು, ಸೌಕರ್ಯ ಹಳ್ಳಿಯದು ಎಂಬುದು ಅವರ ದೂರು. ಆದರೆ ಈ ಎಳೆದಾಟದ ನಡುವೆ ಯಾರು ನೀರಿನ ಕೊಳವೆ ಹಾಕಬೇಕು, ಯಾರು ಚರಂಡಿ ತೋಡಬೇಕು, ಯಾರು ಅಕ್ರಮ ಕಟ್ಟಡಕ್ಕೆ ತಡೆಯಾಜ್ಞೆ ಕೊಡಬೇಕು ಎಂಬುದು ಇತ್ಯರ್ಥವಾಗದೆ ಉಳಿಯಿತು. ಬಿಲ್ಡರುಗಳು ಇತ್ಯರ್ಥಕ್ಕೆ ಕಾಯಲಿಲ್ಲ.

೨೦೨೨ರ ಮೇ ೭ರಂದು ಈ ಸೀಮೆಯ ಸಂದಪ್ ಗ್ರಾಮದ ಬಳಿ ನಡೆದ ದುರಂತವನ್ನು ವಾಚಕರಲ್ಲಿ ಕೆಲವರಾದರೂ ಮರೆತಿರಲಾರರು. ಮನೆಯ ನಳ್ಳಿಯಲ್ಲಿ ನೀರು ಸಾಲದೆ, ಬಟ್ಟೆ ಒಗೆಯಲು ಕಲ್ಲುಕ್ವಾರಿಯ ಹೊಂಡಕ್ಕೆ ಹೋದ ಒಂದೇ ಕುಟುಂಬದ ಅತ್ತೆ, ಸೊಸೆ ಮತ್ತು ಮೂವರು ಮಕ್ಕಳು ಅಲ್ಲಿಯೇ ಮುಳುಗಿ ಸತ್ತರು. ಸುತ್ತಲೂ ಇಪ್ಪತ್ತು ಅಂತಸ್ತಿನ ಕಟ್ಟಡಗಳು ಏಳುತ್ತಿರುವ ಸ್ಥಳದಲ್ಲಿ, ಮಹಾನಗರವೆಂಬ ಹೆಸರು ಹೊತ್ತ ಆಡಳಿತದಲ್ಲಿ, ಬಟ್ಟೆ ಒಗೆಯುವುದು ಪ್ರಾಣಾಪಾಯದ ಕೆಲಸವಾಯಿತು. ಕ್ವಾರಿಗೆ ಪರವಾನಗಿ ಕೊಡುವ ಇಲಾಖೆ ಒಂದು, ಅದಕ್ಕೆ ಬೇಲಿ ಹಾಕಿಸಬೇಕಾದವರು ಇನ್ನೊಬ್ಬರು, ನೀರಿನ ಮೂಲದ ಒಡೆಯ ಮೂರನೆಯವ, ನಳ್ಳಿಯವ ನಾಲ್ಕನೆಯವ. ಐದು ಶವಗಳು ಮಾತ್ರ ಒಂದೇ ಮನೆಯವು.

ನೀರಿನ ಪ್ರಮಾಣದ ಮಾತಾಯಿತು. ಶುದ್ಧತೆಯ ವಿಷಯ ಇನ್ನೂ ಸೋಜಿಗದ್ದು. ನದಿ ಬದಲಾಪುರ, ಅಂಬರನಾಥ, ಉಲ್ಲಾಸನಗರಗಳ ಕಡೆಯಿಂದ ಇಳಿದು ಕಲ್ಯಾಣಕ್ಕೆ ಬರುತ್ತದೆ. ಮೇಲಿನ ಪ್ರತಿಯೊಂದು ಊರಿಗೂ ತನ್ನದೇ ಆದ ಸಭೆ ಇದೆ. ತನ್ನ ಕೊಳೆಯನ್ನು ತನ್ನ ಎಲ್ಲೆಯಿಂದಾಚೆ ಸಾಗಿಸಿದರೆ ಅದರ ಕೆಲಸ ಮುಗಿಯಿತು. ಉಲ್ಲಾಸನಗರದ ಖೇಮಾನಿ ನಾಲೆಯ ಕೊಳಚೆ, ನೀರೆತ್ತುವ ಸ್ಥಾನದ ಸಮೀಪವೇ ನದಿಗೆ ಸೇರುತ್ತಿದೆಯೆಂಬುದು ವರ್ಷಗಟ್ಟಲೆ ಕೇಳಿಬಂದ ದೂರು. ೨೦೧೪ರ ನವೆಂಬರಿನಲ್ಲಿ ವಾಲಧುನಿ ನದಿಗೆ ರಾತ್ರೋರಾತ್ರಿ ಟ್ಯಾಂಕರಿನಿಂದ ರಾಸಾಯನಿಕ ಸುರಿದಾಗ ಉಲ್ಲಾಸನಗರದ ನೂರಾರು ಮಂದಿ ಉಸಿರುಕಟ್ಟಿ ಆಸ್ಪತ್ರೆ ಸೇರಿದರು. ೨೦೧೫ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ನದಿಗಳ ಮಾಲಿನ್ಯಕ್ಕಾಗಿ ಸ್ಥಳೀಯ ಸಂಸ್ಥೆಗಳಿಗೂ ಕಾರ್ಖಾನೆಗಳ ಸಾಮೂಹಿಕ ಶುದ್ಧೀಕರಣ ಘಟಕಗಳಿಗೂ ಕೋಟಿಗಟ್ಟಲೆ ದಂಡ ವಿಧಿಸಿತು. ಪಾಲಿಕೆಗೆ ವಿಧಿಸಿದ ದಂಡವೆಂದರೆ ಕಟ್ಟಕಡೆಗೆ ತೆರಿಗೆದಾರನಿಗೆ ವಿಧಿಸಿದ ದಂಡವೇ. ಕೊಳೆನೀರು ಕುಡಿದವನೇ ಅದಕ್ಕೆ ದಂಡವನ್ನೂ ತೆರುವ ವಿಚಿತ್ರ ಇಲ್ಲಿ ಕಾಣುತ್ತದೆ.

ಡೊಂಬಿವಲಿಯ ಗಾಳಿಯ ಬಗೆಗೆ ಅಲ್ಲಿ ವಾಸಿಸುವವರಿಗೆ ನಾವು ಹೇಳಬೇಕಾದುದೇನೂ ಇಲ್ಲ. ೨೦೧೬ರ ಮೇ ೨೬ರಂದು ರಾಸಾಯನಿಕ ಕಾರ್ಖಾನೆಯೊಂದು ಸಿಡಿದು ಹನ್ನೆರಡು ಮಂದಿ ಸತ್ತರು. ಬಹುದೂರದ ಮನೆಗಳ ಕಿಟಕಿಗಳೂ ಚೂರಾದವು. ೨೦೨೦ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತೆಂದು ಅಂದಿನ ಮುಖ್ಯಮಂತ್ರಿ ಉದ್ಧವ ಠಾಕ್ರೆಯವರೇ ಬಂದು ನೋಡಿದರು. ೨೦೨೨ರಲ್ಲಿ ೧೫೬ ಅಪಾಯಕಾರಿ ಕಾರ್ಖಾನೆಗಳನ್ನು ಪಾತಾಳಗಂಗೆಯ ಕಡೆಗೆ ಸಾಗಿಸುವ ನಿರ್ಧಾರ ಪ್ರಕಟವಾಯಿತು. ೨೦೨೪ರ ಮೇ ೨೩ರಂದು ಇನ್ನೊಂದು ಕಾರ್ಖಾನೆ ಸಿಡಿದು ಹತ್ತಕ್ಕೂ ಹೆಚ್ಚು ಕಾರ್ಮಿಕರು ಸುಟ್ಟು ಹೋದರು. ಪ್ರಕಟಣೆಗೂ ಸ್ಫೋಟಕ್ಕೂ ನಡುವೆ ಎರಡು ವರ್ಷಗಳಿದ್ದವು. ಇಲ್ಲಿಯೂ ಅದೇ ಹಂಚಿಕೆ: ನೆಲ ಎಂ.ಐ.ಡಿ.ಸಿ.ಯದು, ಕಾರ್ಮಿಕರ ಸುರಕ್ಷೆ ಒಂದು ನಿರ್ದೇಶನಾಲಯದ್ದು, ಬಾಯ್ಲರು ಬೇರೊಂದು ನಿರ್ದೇಶನಾಲಯದ್ದು, ಹೊಗೆ ಮಂಡಳಿಯದ್ದು. ಕಾರ್ಖಾನೆಯ ಗೋಡೆಗೆ ತಾಗಿ ವಸತಿ ಕಟ್ಟಡಗಳು ಎದ್ದುದಕ್ಕೆ ಯಾರು ಹೊಣೆಯೆಂದು ಕೇಳಿದರೆ ಮಾತ್ರ ಪ್ರತಿಯೊಂದು ಕಚೇರಿಯೂ ಪಕ್ಕದ ಕಚೇರಿಯ ಬಾಗಿಲನ್ನು ತೋರಿಸುತ್ತದೆ. ಕಾರ್ಖಾನೆ ಮೊದಲು ಬಂದಿತ್ತೋ ಮನೆ ಮೊದಲು ಬಂದಿತ್ತೋ ಎಂಬ ವಾದ ಕೋರ್ಟಿಗೆ ಸರಿಹೋದೀತು. ನಡುವೆ ಬಿಡಬೇಕಾದ ತೆರಪನ್ನು ಯಾರೂ ಕಾಯಲಿಲ್ಲವೆಂಬುದೇ ಮುಖ್ಯ.

ಈಗ ನಮ್ಮ ಗುಮಾಸ್ತ ಬಂಧುಗಳೂ ಹೋಟೆಲು ಕಾರ್ಮಿಕ ಬಂಧುಗಳೂ ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ವಿಷಯಕ್ಕೆ ಬರೋಣ. ೨೦೨೪ರ ನವೆಂಬರಿನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಕಲ್ಯಾಣ-ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯ ೬೫ ಅಕ್ರಮ ಕಟ್ಟಡಗಳನ್ನು ಕೆಡವಬೇಕೆಂದು ಆಜ್ಞಾಪಿಸಿತು. ಇವು ರಾತ್ರೋರಾತ್ರಿ ಎದ್ದ ಜೋಪಡಿಗಳಲ್ಲ. ಲಿಫ್ಟು, ಬಣ್ಣ, ಹೆಸರಿನ ಫಲಕಗಳುಳ್ಳ ಕಟ್ಟಡಗಳು. ಪಾಲಿಕೆಯ ಹೆಸರಿನಲ್ಲಿ ಸುಳ್ಳು ಅನುಮತಿಪತ್ರಗಳನ್ನು ಸೃಷ್ಟಿಸಿ, ಅವುಗಳ ಬಲದಿಂದ ಮಹಾರೇರಾ ಎಂಬ ಸ್ಥಿರಾಸ್ತಿ ಪ್ರಾಧಿಕಾರದ ನೋಂದಣಿಯನ್ನು ಪಡೆಯಲಾಗಿತ್ತು. ಕೆಲವಂತೂ ಸರಕಾರಿ ಜಾಗದ ಮೇಲೆಯೇ ನಿಂತಿದ್ದವು. ನೋಂದಣಿಯ ಸಂಖ್ಯೆಯನ್ನು ಕಂಡು ಬ್ಯಾಂಕು ಸಾಲ ಕೊಟ್ಟಿತು. ಸಾಲದ ಮಂಜೂರಾತಿಯನ್ನು ಕಂಡು ಕೊಳ್ಳುವವನು ನಂಬಿದನು. ಉಪನೋಂದಣಾಧಿಕಾರಿ ಮುದ್ರಾಂಕ ಶುಲ್ಕ ಪಡೆದು ಕರಾರುಪತ್ರವನ್ನು ದಾಖಲಿಸಿದನು. ಇಷ್ಟು ಸರಕಾರಿ ಮೊಹರುಗಳ ಹಿಂದೆ ಮೂಲದ ಕಾಗದವೇ ಸುಳ್ಳೆಂಬುದನ್ನು ಪಾಲಿಕೆಗೆ ಒಂದು ಪತ್ರ ಬರೆದು ವಿಚಾರಿಸುವ ಕೆಲಸವನ್ನು ಯಾರೂ ಮಾಡಲಿಲ್ಲ. ವಂಚನೆ ಹೊರಬಿದ್ದದ್ದು ಯಾವ ಇಲಾಖೆಯ ತಪಾಸಣೆಯಿಂದಲೂ ಅಲ್ಲ. ಓರ್ವ ಖಾಸಗಿ ನಾಗರಿಕನು ನ್ಯಾಯಾಲಯದ ಬಾಗಿಲು ತಟ್ಟಿದ್ದರಿಂದ.

ಕೆಡವುವ ಆಜ್ಞೆ ಬಂದಾಗ ಬೀದಿಗೆ ಬೀಳುವ ಭಯಕ್ಕೆ ಗುರಿಯಾದವರು ಸಾವಿರಾರು ಕುಟುಂಬಗಳ ಜನರು. ನಿವಾಸಿಗಳನ್ನು ನಿರ್ಗತಿಕರಾಗಲು ಬಿಡುವುದಿಲ್ಲವೆಂದು ಸರಕಾರದಿಂದ ಆಶ್ವಾಸನೆ ದೊರೆತಿದೆ. ಆಶ್ವಾಸನೆಯಿಂದ ಸಾಲದ ಕಂತು ನಿಲ್ಲುವುದಿಲ್ಲ. ನ್ಯಾಯಾಲಯವನ್ನು ದೂಷಿಸುವುದೂ ಸರಿಯಲ್ಲ. ಅಕ್ರಮವನ್ನು ಅಕ್ರಮವೆನ್ನದೆ ಅದು ಬೇರೇನು ಹೇಳಬೇಕಿತ್ತು? ಶೀಳ್‌ಫಾಟಾದ ಲಕ್ಕಿ ಕಂಪೌಂಡಿನ ಕಟ್ಟಡ ೨೦೧೩ರ ಏಪ್ರಿಲ್ ೪ರಂದು ಕುಸಿದು ೭೪ ಜನರನ್ನು ಬಲಿ ತೆಗೆದುಕೊಂಡುದನ್ನು ನೆನೆದರೆ, ಅಕ್ರಮ ಕಟ್ಟಡಕ್ಕೆ ಕರುಣೆ ತೋರಿಸುವುದೂ ಕ್ರೌರ್ಯವಾಗಬಹುದೆಂಬುದು ಅರಿವಾಗುತ್ತದೆ. ಕೆಲವೇ ತಿಂಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಆ ಕಟ್ಟಡದ ಪ್ರಕರಣದಲ್ಲಿ ಬಂಧಿತರಾದವರ ಸಾಲಿನಲ್ಲಿ ಠಾಣೆ ಪಾಲಿಕೆಯ ಅಧಿಕಾರಿಗಳೂ ಇದ್ದರು. ನವಿಮುಂಬಯಿಯ ದಿಘಾದಲ್ಲಿ ಎಂ.ಐ.ಡಿ.ಸಿ. ಮತ್ತು ಸಿಡ್ಕೊ ನೆಲದ ಮೇಲೆ ಎದ್ದ ೯೯ ಕಟ್ಟಡಗಳ ಕಥೆಯೂ ಇದೇ. ೨೦೧೫ರಲ್ಲಿ ಅಲ್ಲಿ ಕೆಡವುವ ಕೆಲಸ ಆರಂಭವಾದಾಗ ಜನ ರಸ್ತೆಗೂ ರೈಲುಹಳಿಗೂ ಇಳಿದರು. ಕಟ್ಟಡ ಏಳುವಾಗ ಒಡೆಯರು ಕಾಣಲಿಲ್ಲ. ಮನೆಗಳೆಲ್ಲ ಮಾರಾಟವಾದ ಮೇಲೆ ಬುಲ್‌ಡೋಜರಿನೊಂದಿಗೆ ಕಾಣಿಸಿಕೊಂಡರು.

ಇದರಿಂದ ಒಂದು ವ್ಯವಹಾರದ ಮಾತು. ಮನೆತೆರಿಗೆಯ ರಸೀದಿ, ವಿದ್ಯುತ್ ಬಿಲ್ಲು, ಬ್ಯಾಂಕಿನ ಮಂಜೂರಾತಿ, ನೋಂದಾಯಿತ ಕರಾರು, ಇವಾವುವೂ ಕಟ್ಟಡ ಸಕ್ರಮವೆಂಬುದಕ್ಕೆ ಪುರಾವೆಯಲ್ಲ. ಅಕ್ರಮ ಕಟ್ಟಡಕ್ಕೂ ಪಾಲಿಕೆ ತೆರಿಗೆ ವಸೂಲು ಮಾಡುತ್ತದೆ. ಆ ಸರ್ವೆ ನಂಬರಿನ ಯೋಜನಾಧಿಕಾರ ಯಾವ ಕಚೇರಿಯದೆಂದು ತಿಳಿದು, ಅದೇ ಕಚೇರಿಯ ನಗರರಚನಾ ವಿಭಾಗಕ್ಕೆ ಅನುಮತಿಪತ್ರದ ಪ್ರತಿಯನ್ನು ಒಯ್ದು, ಇದು ನಿಮ್ಮದೇ ಹೌದೇ ಎಂದು ಲಿಖಿತವಾಗಿ ಕೇಳುವುದೊಂದೇ ಭದ್ರವಾದ ದಾರಿ. ಮಾಹಿತಿ ಹಕ್ಕಿನ ಅರ್ಜಿಗೆ ತಗಲುವುದು ಹತ್ತು ರೂಪಾಯಿ. ಊರವನೇ ಆದ ದಲಾಲಿ, ನಮ್ಮ ಭಾಷೆಯ ಬಿಲ್ಡರು ಎಂಬ ನಂಬಿಕೆಯ ಮೇಲೆ ಹಣ ಕಟ್ಟಿದವರನ್ನು ನಾವು ಬಲ್ಲೆವು. ಭಾಷೆ ಒಂದಾದ ಮಾತ್ರಕ್ಕೆ ಕಾಗದ ನಿಜವಾಗುವುದಿಲ್ಲ.

ಅಧಿಕಾರವೆಲ್ಲ ಒಂದೇ ಕೈಯಲ್ಲಿದ್ದರೆ ಸರಿಹೋಗುತ್ತಿತ್ತೇ ಎಂದು ಕೇಳುವವರಿಗೆ ನವಿಮುಂಬಯಿ ಉತ್ತರ ಕೊಡುತ್ತದೆ. ತೊಂಬತ್ತೈದು ಗ್ರಾಮಗಳ ಭೂಮಿಯನ್ನು ಒಳಗೊಂಡ ಈ ನಗರದಲ್ಲಿ ಸಿಡ್ಕೊ ತಾನೇ ನೆಲದೊಡೆಯ, ತಾನೇ ಯೋಜಕ. ಭೂಮಿ ಕಳೆದುಕೊಂಡ ರೈತರು ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಹೋರಾಡಿ, ೧೯೮೪ರ ಜನವರಿಯಲ್ಲಿ ಉರಣದ ಕಡೆ ಗುಂಡಿಗೆ ಐವರನ್ನು ಬಲಿಕೊಟ್ಟ ಮೇಲೆಯೇ ಅಭಿವೃದ್ಧಿಗೊಂಡ ಭೂಮಿಯಲ್ಲಿ ಶೇಕಡಾ ಹನ್ನೆರಡೂವರೆ ಪಾಲಿನ ಮಾತು ಗಟ್ಟಿಯಾದದ್ದು. ಆದರೂ ಅಲ್ಲಿನ ಯೋಜಕರ ಜಾಣ್ಮೆಯನ್ನು ಮೆಚ್ಚಲೇಬೇಕು. ಭರತದ ನೀರಿಗಿಂತ ತಗ್ಗಾದ ನೆಲದಲ್ಲಿ ನಗರ ಕಟ್ಟುವಾಗ ಅವರು ಹಾಲೆಂಡಿನ ಪದ್ಧತಿಯನ್ನನುಸರಿಸಿ ದೊಡ್ಡ ಹಿಡಿಗೆರೆಗಳನ್ನು ತೋಡಿ, ಕದಗಳನ್ನಿಟ್ಟರು. ಭರತದ ಹೊತ್ತಿನಲ್ಲಿ ಕದ ಮುಚ್ಚಿಕೊಂಡು ಮಳೆನೀರು ಕೆರೆಯಲ್ಲಿ ನಿಲ್ಲುತ್ತದೆ. ಇಳಿತದಲ್ಲಿ ಕದ ತೆರೆದು ಖಾಡಿಗೆ ಹರಿಯುತ್ತದೆ. ಕಾಲಕ್ರಮದಲ್ಲಿ ಈ ಕೆರೆಗಳು ಹೂಳು ತುಂಬಿ, ಹೂಳಿನಲ್ಲಿ ಕಾಂಡ್ಲಾ ಗಿಡಗಳು ಬೆಳೆದವು. ಕಾಂಡ್ಲಾ ಕಡಿಯಬೇಕಾದರೆ ಉಚ್ಚ ನ್ಯಾಯಾಲಯದ ಅನುಮತಿ ಬೇಕು. ಹೀಗೆ ನಗರವನ್ನು ನೆರೆಯಿಂದ ಕಾಯುವ ಕೆರೆ, ನಗರವನ್ನು ನೆರೆಯಿಂದ ಕಾಯುವ ಗಿಡದಿಂದಲೇ ಕಟ್ಟಿಹೋಗಿದೆ.

ಸಿಡ್ಕೊದ ಮುಖ್ಯ ಆದಾಯ ನಿವೇಶನಗಳ ಮಾರಾಟ. ನೆಲ ಮಾರಿ ಬದುಕುವ ಸಂಸ್ಥೆಗೆ ಜೌಗುಭೂಮಿ ಕಾಯುವ ಕೆಲಸವನ್ನೂ ಒಪ್ಪಿಸಿದರೆ ಅದು ಯಾವ ಕೆಲಸದಲ್ಲಿ ಚುರುಕಾಗಿರುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಸೀವುಡ್ಸ್ ಬಳಿಯ ಜೌಗಿನಲ್ಲಿ ಗಾಲ್ಫ್ ಮೈದಾನ ಮಾಡುವ ಯೋಜನೆಯನ್ನು ೨೦೧೮ರಲ್ಲಿ ತಳ್ಳಿಹಾಕಲು ಉಚ್ಚ ನ್ಯಾಯಾಲಯವೇ ಬೇಕಾಯಿತು. ನಾವು ಹಾಲೆಂಡಿನಿಂದ ಕೆರೆಯ ನಕ್ಷೆಯನ್ನು ತಂದೆವು. ಕೆರೆ ಕಾಯುವ ಸಭೆಯನ್ನು ತರಲಿಲ್ಲ. ಅಲ್ಲಿ ಹದಿಮೂರನೆಯ ಶತಮಾನದಿಂದಲೂ ನೀರಿಗೆಂದೇ ಜಲಮಂಡಲಿಗಳಿವೆ. ಅವುಗಳಿಗೆ ಚುನಾವಣೆ ಬೇರೆ, ತೆರಿಗೆ ಬೇರೆ. ನಿವೇಶನ ಮಾರುವುದು ಅವುಗಳ ಕೆಲಸವಲ್ಲ. ನ್ಯೂಜಿಲೆಂಡಿನಲ್ಲಿ ೧೯೮೯ರಲ್ಲಿ ಸ್ಥಳೀಯ ಆಡಳಿತವನ್ನು ಪುನರ್ರಚಿಸಿದಾಗ ಪ್ರಾದೇಶಿಕ ಸಭೆಗಳ ಎಲ್ಲೆಗಳನ್ನು ಬಹುಮಟ್ಟಿಗೆ ನದಿಗಳ ಜಲಾನಯನವನ್ನು ನೋಡಿಯೇ ಗುರುತಿಸಿದರು. ಒಂದು ನದಿ ಹರಿಯುವಷ್ಟೂ ದೂರ ಅದಕ್ಕೆ ಉತ್ತರ ಕೊಡುವ ಒಂದು ಚುನಾಯಿತ ಸಭೆ ಇರಲಿ ಎಂಬುದು ಅದರ ಹಿಂದಿನ ಎಣಿಕೆ.

ಇದೇನು ಪರದೇಶದ ಕನಸಲ್ಲ. ೧೯೯೨ರ ೭೪ನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿಯೇ ಮಹಾನಗರ ಯೋಜನಾ ಸಮಿತಿಯೊಂದನ್ನು ವಿಧಿಸಲಾಗಿದೆ. ಅದರ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿಯನ್ನು ನಗರಸಭೆಗಳ ಚುನಾಯಿತ ಸದಸ್ಯರೂ ಪಂಚಾಯತಿಗಳ ಅಧ್ಯಕ್ಷರೂ ತಮ್ಮೊಳಗಿನಿಂದ ಆರಿಸಬೇಕು. ನೀರು ಮತ್ತಿತರ ನೈಸರ್ಗಿಕ ಸಂಪತ್ತುಗಳ ಹಂಚಿಕೆ, ಪರಿಸರದ ರಕ್ಷಣೆ ಇವೆಲ್ಲ ಅದರ ಕೆಲಸವೆಂದು ಸಂವಿಧಾನದಲ್ಲಿಯೇ ಬರೆದಿದೆ. ಮಹಾರಾಷ್ಟ್ರ ಸರಕಾರ ಇದಕ್ಕಾಗಿ ೧೯೯೯ರಲ್ಲಿ ಶಾಸನವನ್ನೂ ಮಾಡಿತು. ಆದರೆ ಪ್ರದೇಶದ ಲಗಾಮು ಇಂದಿಗೂ ಮಹಾನಗರ ಪ್ರಾಧಿಕಾರದ ಕೈಯಲ್ಲಿಯೇ ಇದೆ. ೨೦೩೬ರ ವರೆಗಿನ ಪ್ರಾದೇಶಿಕ ಯೋಜನೆಗೆ ೨೦೨೧ರಲ್ಲಿ ಮಂಜೂರಾತಿ ದೊರೆತಾಗ ನವಿಮುಂಬಯಿಯಲ್ಲಾಗಲಿ ಕಲ್ಯಾಣ-ಡೊಂಬಿವಲಿಯಲ್ಲಾಗಲಿ ಒಬ್ಬನೇ ಒಬ್ಬ ಚುನಾಯಿತ ನಗರಸೇವಕನಿರಲಿಲ್ಲ. ತಾಯ್ನಾಡಿನಲ್ಲಿ ಇದಕ್ಕಿಂತ ಚೆನ್ನಾಗಿದೆಯೆಂದು ಬೀಗುವಂತೆಯೂ ಇಲ್ಲ. ಬೆಂಗಳೂರಿನ ಪಾಲಿಕೆಯ ಅವಧಿಯೂ ೨೦೨೦ರಲ್ಲಿ ಮುಗಿದು, ಚುನಾವಣೆಯಿಲ್ಲದೆಯೇ ೨೦೨೫ರಲ್ಲಿ ಅದು ಐದು ಪಾಲಾಯಿತು.

ನಮ್ಮ ಜನರ ಬಗೆಗೂ ಒಂದು ಮಾತು ಹೇಳದೆ ಇರುವಂತಿಲ್ಲ. ಇಲ್ಲಿ ಮೂವತ್ತು ವರ್ಷ ದುಡಿದವರೂ ತಮ್ಮ ಮತವನ್ನು ಊರಿನಲ್ಲಿಯೇ ಇಟ್ಟುಕೊಂಡಿರುತ್ತಾರೆ. ಪಂಚಾಯತಿಯ ಚುನಾವಣೆಗೆ ಬಸ್ಸು ಹತ್ತಿ ಹೋಗುತ್ತಾರೆ. ಊರಿನ ತೋಡಿಗೆ ಕಟ್ಟ ಹಾಕುವ ವಿಷಯದಲ್ಲಿ ಇರುವ ಕಾಳಜಿ, ದಿನವೂ ಕುಡಿಯುವ ಉಲ್ಲಾಸದ ನೀರಿನ ಬಗೆಗೆ ಇರುವುದಿಲ್ಲ. ಎಂದಾದರೊಂದು ದಿನ ಊರಿಗೆ ಹೋಗುವವರು ನಾವು ಎಂಬ ಭಾವನೆ ಇದಕ್ಕೆ ಮೂಲ. ಹೋಗುವವರು ಕೆಲವರು, ಮಕ್ಕಳು ಇಲ್ಲಿಯವರೇ ಆಗಿ ಉಳಿಯುತ್ತಾರೆ.

ಚುನಾವಣೆ ಮುಗಿದ ಮೇಲೆ ಹೊಸ ನಗರಸೇವಕರನ್ನು ನಮ್ಮ ಸಂಘಗಳು ಸನ್ಮಾನಕ್ಕೆ ಕರೆಯುವುದು ವಾಡಿಕೆ. ಕರೆಯಲಿ, ಶಾಲು ಹೊದಿಸಲಿ. ಜತೆಗೆ ನಾಲ್ಕು ಪ್ರಶ್ನೆಗಳನ್ನು ಬರೆದು ಅವರ ಕೈಯಲ್ಲಿಡಲಿ: ಮಹಾನಗರ ಯೋಜನಾ ಸಮಿತಿಗೆ ಚುನಾವಣೆ ಎಂದು, ಅದಕ್ಕೆ ತಾವು ನಿಲ್ಲುವಿರಾ? ೧೫೬ ಕಾರ್ಖಾನೆಗಳಲ್ಲಿ ಎಷ್ಟು ಹೋದವು, ಎಷ್ಟು ಉಳಿದವು? ಇಪ್ಪತ್ತೇಳು ಗ್ರಾಮಗಳ ಪ್ರತಿಯೊಂದು ಓಣಿಗೆ ನೀರು ಎಂದು ತಲಪುತ್ತದೆ? ನಿಮ್ಮ ವಾರ್ಡಿನಲ್ಲಿ ಈಗ ಏಳುತ್ತಿರುವ ಕಟ್ಟಡಗಳಲ್ಲಿ ಅನುಮತಿಯುಳ್ಳವು ಯಾವುವು, ಇಲ್ಲದವು ಯಾವುವು? ಈ ಕಡೆಯ ಪ್ರಶ್ನೆಯ ಉತ್ತರವನ್ನು ಪಟ್ಟಿಯಾಗಿ ಸಂಘದ ಫಲಕದಲ್ಲಿ ಹಚ್ಚುವಂತಾದರೆ, ಮುಂಗಡ ಕಟ್ಟಲು ಹೊರಟವನು ದಾರಿಯಲ್ಲಿ ನಿಂತು ಅದನ್ನು ಓದಿಕೊಂಡು ಹೋದಾನು.